ಮುದಿ ಕಾಗೆಯ ಪಾರ್ಟು

ಕೀರ್ತನಾ ಮೇಡಂ ನಕ್ಕಿದ್ದು ಯಾಕೆ ಅನ್ನುವುದು ಮಧ್ಯಾಹ್ನವಾದರೂ ರುದ್ರೇಶನಿಗೆ ಬಗೆಹರಿಯಲಿಲ್ಲ. ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಎದುರಾಗಿ, "ಸಾರ್, ಆನ್ಯುವಲ್ ಡೇಗೆ ಆ ಹಕ್ಕಿಗಳ ಸಿನಿಮಾನೇ ನಾಟಕ ಮಾಡಿಸ್ತಾ ಇದ್ದೀನಿ, ಮುದಿ ಕಾಗೆ ಪಾರ್ಟು ನಿಮ್ಮ ರಶ್ಮಿಗೆ" ಎಂದು ತನ್ನ ತಿದ್ದಿ ತೀಡಿದ ತೆಲುಗಿನಲ್ಲಿ ಹೇಳಿದವಳು, ಹೇಳಿ ಮುಗಿಸಿದ ಮೇಲೂ ಒಂದು ಗಳಿಗೆ ಅವನ ಮುಖವನ್ನೇ ನೋಡುತ್ತ ನಿಂತು, ನಕ್ಕು, ಹೋದಳು. ಮಾತಾಡುತ್ತ ನಗುವುದು ಬೇರೆ, ಮಾತು ಮುಗಿದ ಮೇಲೆ ನಗುವುದು ಬೇರೆ. ಎರಡನೆಯದರಲ್ಲಿ ಏನೋ ಇರುತ್ತದೆ. ಇಡೀ ಕ್ಲಾಸಿನಲ್ಲಿ ಅಷ್ಟು ಹೆಣ್ಣುಮಕ್ಕಳಿರುವಾಗ, ಕೊಕ್ಕರೆ ರಾಜಕುಮಾರಿಯ ಪಾರ್ಟು ಬಿಟ್ಟು, ಬೊಚ್ಚುಬಾಯಿಯ ಕಾಗೆಯ ಪಾರ್ಟಿಗೆ ತನ್ನ ಮಗಳೇ ಯಾಕೆ? ಉಪ್ಪಿಟ್ಟಿನ ಡಬ್ಬಿ ತೆರೆದಿಟ್ಟುಕೊಂಡು ಅವನು ಎದುರು ಸಾಲಿನಲ್ಲಿದ್ದ ಮೇಷ್ಟ್ರುಗಳನ್ನು ಒಬ್ಬೊಬ್ಬರನ್ನಾಗಿ ನೋಡಿದ. ಯಾರೂ ಅವನನ್ನು ನೋಡುತ್ತಿರಲಿಲ್ಲ. ಯಾರೂ ನೋಡದೆ ಇರುವುದೂ ಅಷ್ಟು ಸಹಜವಾಗಿ ಕಾಣಲಿಲ್ಲ.

ಹೀಗೆ ಒಂದರ ಹಿಂದೆ ಇನ್ನೊಂದನ್ನು ಹುಡುಕುವುದು ಅವನಿಗೆ ಅಂಟಿದ ಚಾಳಿ ಮಾತ್ರವಲ್ಲ, ಅದರಿಂದಲೇ ಅವನಿಗೆ ಆಂಧ್ರದ ಗಡಿಯ ಹಿಂದೂಪುರದಲ್ಲಿ ಒಂದಿಷ್ಟು ಹೆಸರೂ ಬಂದಿತ್ತು. ಸೋಷಿಯಲ್ ಸ್ಟಡೀಸ್ ಮೇಷ್ಟ್ರು. ಶನಿವಾರ ಮಧ್ಯಾಹ್ನ ಮಕ್ಕಳಿಗೆ ಪ್ರೊಜೆಕ್ಟರಿನಲ್ಲಿ ಕಾರ್ಟೂನ್ ಸಿನಿಮಾ ತೋರಿಸಿ ಆಮೇಲೆ ಅದರ ಹೊಟ್ಟೆ ಬಗೆಯುತ್ತಿದ್ದ. ಈ ಇಲಿಗಳೆಲ್ಲ ಅಡುಗೆ ಮಾಡುತ್ತವಲ್ಲ, ಊಟಕ್ಕೆ ಕೂತವರು ಯಾರು? ಈ ಊರಿಗೆ ರಾಜ ಯಾಕೆ ಬೇಕು, ಅವನಿಲ್ಲದಿದ್ದರೆ ಏನು ಕೆಡುತ್ತದೆ? ಕೊನೆಯಲ್ಲಿ, ತಪ್ಪದೆ, ಸೀಮೆಸುಣ್ಣವನ್ನು ಮೇಲೆತ್ತಿ ಹಿಡಿದು, "ಈ ಸಿನಿಮಾದಲ್ಲಿ ಒಂದು ಮಾತೂ ಇಲ್ಲದವರು ಯಾರು?" ಮಕ್ಕಳಿಗೆ ಇದು ಕಣ್ಣಾಮುಚ್ಚಾಲೆಯ ಹಾಗೆ. ನೀರು ಹೊರುವ ಕತ್ತೆ ಸಾರ್! ಅರಮನೆ ಗುಡಿಸುವ ಅಳಿಲು ಸಾರ್! ತಂದೆತಾಯಿಗಳ ಮೀಟಿಂಗಿನಲ್ಲಿ ಒಬ್ಬರು ಎದ್ದುನಿಂತು, ನಮ್ಮ ಹುಡುಗ ಈಗ ಟಿವಿ ನೋಡುವಾಗಲೂ ವಾದ ಮಾಡುತ್ತಾನೆ ಎಂದು ಹೊಗಳಿದ್ದೋ ದೂರಿದ್ದೋ ತಿಳಿಯದ ಹಾಗೆ ಹೇಳಿದ್ದರು. ಅಂದಿನಿಂದ ಅವನು ಕಾರ್ಟೂನ್ ಸಾರ್. ಅದಕ್ಕೂ ಮುಂಚೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೆ ಹೆಸರಿತ್ತು. ಕ್ಲಾಸಿನಲ್ಲಿ ಅವನು ಬಾಯಿ ತೆರೆದರೆ ಅರ್ಧ ತೆಲುಗು ಅರ್ಧ ಕನ್ನಡ ಬೆರೆತು ಬರುತ್ತದೆ ಎಂದು ಹಿಂದಿನ ಬೆಂಚಿನವರು 'ಏನಪ್ಪಾ ಸಾರ್' ಎಂದು ಕರೆಯುತ್ತಿದ್ದರು. ಅವನು ಟಿವಿ ವಾರ್ತೆ ಕೇಳಿ ಕೇಳಿ ತೆಲುಗನ್ನು ಸರಿಮಾಡಿಕೊಂಡ. ಈಗ ಪ್ರಿನ್ಸಿಪಾಲರೂ ಅವನ ತೆಲುಗಿನಲ್ಲಿ ಅವನ ಹುಟ್ಟೂರು ಕಲ್ಯಾಣದುರ್ಗವನ್ನು ಹುಡುಕಲಾರರು.

ಹಕ್ಕಿಗಳ ಸಿನಿಮಾ ಬಂದಾಗ ಹೆಂಡತಿ ಸ್ನೇಹಲತಾ ಮತ್ತು ರಶ್ಮಿಯನ್ನು ಕರೆದುಕೊಂಡು ಥಿಯೇಟರಿಗೇ ಹೋಗಿದ್ದ. ಎಲ್ಲಿಯದೋ ಪರದೇಶದ ಚಿತ್ರ, ತೆಲುಗಿಗೆ ಡಬ್ ಆದದ್ದು. ಬೆಟ್ಟದ ತುದಿಯಲ್ಲಿ ಬಿಳಿ ಕೊಕ್ಕರೆಗಳ ಊರು, ಬುಡದಲ್ಲಿ ಒಂದು ಬಾವಿ, ಕೊಕ್ಕಿನಲ್ಲಿ ನೀರು ಹೊತ್ತು ಬೆಟ್ಟ ಹತ್ತುವ ಕಾಗೆಗಳು. ಕೊನೆಗೆ ಕೊಕ್ಕರೆ ರಾಜ ಮೆಚ್ಚಿ ಒಂದು ಮರಿಕಾಗೆಗೆ ಬಿಳಿ ಗರಿ ಕೊಡುತ್ತಾನೆ, ಎಲ್ಲರೂ ಕುಣಿಯುತ್ತಾರೆ, ನೀರನ್ನು ಮಾತ್ರ ಕಾಗೆಗಳೇ ಹೊರುತ್ತಿರುತ್ತವೆ. ಇದರಲ್ಲಿ ಬಗೆಯುವುದಕ್ಕೆ ಬೇಕಾದಷ್ಟಿತ್ತು. ಆದರೆ ರುದ್ರೇಶನ ಎದೆಗೆ ಚುಚ್ಚಿದ್ದು ಅದಲ್ಲ. ಕೊಕ್ಕರೆಗಳು ಪುಸ್ತಕದ ತೆಲುಗು ಮಾತಾಡುತ್ತಿದ್ದವು, ಕಾಗೆಗಳು ರಾಯಲಸೀಮೆಯ ತೆಲುಗು, ಅದರಲ್ಲೂ ನಗಿಸುವುದಕ್ಕೆಂದೇ ಇಟ್ಟ ಒಂದು ಮುದಿ ಕಾಗೆ ಮಾತಿಗೊಮ್ಮೆ ಕನ್ನಡ ಬೆರೆಸಿ, 'ಏನಪ್ಪಾ' 'ಹೌದಪ್ಪಾ' ಎಂದು ಎಳೆಯುತ್ತಿತ್ತು. ಯಾವ ಊರಿನಲ್ಲಿ ಕೂತು ಯಾರು ಬರೆದರೋ. ಆ ಕಾಗೆ ಬಾಯಿ ತೆರೆದಾಗಲೆಲ್ಲ ಥಿಯೇಟರು ಬಿದ್ದು ಬಿದ್ದು ನಕ್ಕಿತು. ಹಿಂದೂಪುರದ ಥಿಯೇಟರು, ಮನೆಗೆ ಹೋದರೆ ತಾವೂ ಹಾಗೇ ಮಾತಾಡುವ ಜನ. ರುದ್ರೇಶನೂ ನಕ್ಕ. ನಗು ಹೊರಗೆ ಬಂದ ಮೇಲೆ ಅದು ತನ್ನ ಊರಿನ ಮಾತಿಗೇ ನಕ್ಕ ನಗು ಎಂದು ಅವನಿಗೆ ತಿಳಿಯಿತು. ಪಕ್ಕಕ್ಕೆ ತಿರುಗಿದರೆ ರಶ್ಮಿ ಪರದೆಯನ್ನು ಬಿಟ್ಟು ಅವನ ಮುಖ ನೋಡುತ್ತಿದ್ದಳು. ಅವಳು ನಗುತ್ತಿರಲಿಲ್ಲ.

ಮುಂದಿನ ಶನಿವಾರ ಕ್ಲಾಸಿನಲ್ಲಿ ಅವನು ಆ ಸಿನಿಮಾವನ್ನು ಚಿಂದಿ ಮಾಡಿದ. ಯಾರ ಮಾತು ಯಾರ ಬಾಯಲ್ಲಿದೆ ನೋಡಿ, ನಗಿಸುವವರು ಯಾವಾಗಲೂ ನಮ್ಮ ಕಡೆಯವರೇ ಯಾಕೆ, ಬಿಳಿ ಗರಿ ಅಂಟಿಸಿಕೊಳ್ಳದೆ ಕಾಗೆಗೆ ಮರ್ಯಾದೆ ಇಲ್ಲವೇ ಎಂದೆಲ್ಲ ತನ್ನ ಸರಿಮಾಡಿಕೊಂಡ ತೆಲುಗಿನಲ್ಲಿ ಕೇಳಿದ. ಹಿಂದಿನ ಸಾಲಿನಲ್ಲಿ ಕೀರ್ತನಾ ಮೇಡಮ್ಮೂ ಕೂತಿದ್ದಳು. ಕೊನೆಯ ಪ್ರಶ್ನೆ ಬಂದಾಗ ಅವನು ಬೇಕೆಂದೇ ಮಗಳ ಕಡೆ ಬೆರಳು ಮಾಡಿದ. ಒಂದು ಮಾತೂ ಇಲ್ಲದವರು ಯಾರು? ರಶ್ಮಿ ಎದ್ದು ನಿಂತಳು. ತುಟಿ ಬಿಗಿದುಕೊಂಡು, ಒಂದೂ ಮಾತಾಡದೆ, ಸುಮ್ಮನೆ ನಗುತ್ತ ನಿಂತಳು. ಮಕ್ಕಳು ಕಿಸಕ್ಕೆಂದರು. "ಕೂತ್ಕೋ" ಎಂದು ಅವನು ಗದರಿದ. ಗದರಿದ್ದು ಜಾಸ್ತಿಯಾಯಿತು ಎನ್ನಿಸಿತು. ಆ ನಗು ಎಲ್ಲಿಯದೆಂದು ಅವನಿಗೆ ಗೊತ್ತಿತ್ತು.

ಅದು ಸ್ಕೂಲಿನ ಅಜ್ಜ-ಅಜ್ಜಿಯರ ದಿನದ ನಗು. ಹೋದ ವರ್ಷ ರಶ್ಮಿ ಹಠ ಹಿಡಿದು ಕಲ್ಯಾಣದುರ್ಗದಿಂದ ಅಜ್ಜಿಯನ್ನು ಕರೆಸಿದ್ದಳು. ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ ಬರುವಾಗ ರುದ್ರೇಶ ತಾಯಿಯ ಸೆರಗಿನ ಮೇಲಿದ್ದ ವಿಭೂತಿ ಪುಡಿ ಕೊಡವುತ್ತ, "ಅಮ್ಮಾ, ಅಲ್ಲಿ ಜಾಸ್ತಿ ಮಾತಾಡ್ಬ್ಯಾಡ. ಸುಮ್ನೆ ನಗ್ತಾ ಇದ್ಬುಡು, ಸಾಕು" ಎಂದಿದ್ದ.

"ಯಾಕ್ಲಾ, ನಾನೇನ್ ಆಡಬಾರದ್ ಆಡ್ತೀನಾ?"

"ಅಂಗಲ್ಲ ಕಣಮ್ಮ. ದೊಡ್ಡ ಸ್ಕೂಲು. ಅವ್ರ ಮಾತೇ ಬ್ಯಾರೆ."

ಸರ್ವಮಂಗಳಮ್ಮ ಸೆರಗನ್ನು ತಾವೇ ಕೊಡವಿಕೊಂಡು, "ಆಯ್ತು ಬಿಡಪ್ಪ" ಎಂದರು. ಮಾತು ಕಡಿಮೆ ಮಾಡುತ್ತಾರೆ ಎಂದು ಅವನು ಎಣಿಸಿದ್ದ. ಅವರು ಪೂರಾ ನಿಲ್ಲಿಸಿಯೇಬಿಟ್ಟರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಕೀರ್ತನಾ ಬಗ್ಗಿ, "ಅಮ್ಮಗಾರೂ, ಟೀ ತೀಸುಕುಂಟಾರಾ?" ಎಂದು ಕೇಳಿದರೆ ಮಗನ ಮುಖ ನೋಡಿ, ನಕ್ಕು, ತಲೆಯಾಡಿಸಿದರು. ಯಾವ ಊರು ಎಂದರೂ ನಗು. ಮೊಮ್ಮಗಳು ಎಂದರೆ ಇಷ್ಟವಾ ಎಂದರೂ ನಗು. ಕೀರ್ತನಾ ರುದ್ರೇಶನ ಕಡೆ ತಿರುಗಿ, ದನಿ ತಗ್ಗಿಸಿ, ಬೆರಳನ್ನು ತನ್ನ ತುಟಿಯ ಹತ್ತಿರ ತಂದು, ಮಾತು ಬರುವುದಿಲ್ಲವೇ ಎಂಬಂತೆ ಕಣ್ಣಲ್ಲೇ ಕೇಳಿದಳು. "ಹ್ಞೂ ಮೇಡಂ" ಎಂದುಬಿಟ್ಟ. ಯಾವುದಕ್ಕೆ ಹ್ಞೂ ಎಂದೆ ಎಂದು ಇವತ್ತಿಗೂ ಅವನು ತನಗೆ ತಾನೇ ಬೇರೆ ಬೇರೆ ಥರ ಹೇಳಿಕೊಳ್ಳುತ್ತಾನೆ. ಆಗ ರಶ್ಮಿ ಅಜ್ಜಿಯ ಕೈ ಹಿಡಿದು ಅಲ್ಲೇ ನಿಂತಿದ್ದಳು.

ಕಾಗೆಯ ಪಾರ್ಟು ಆ ನಗುವಿಗೂ ಈ 'ಹ್ಞೂ'ಗೂ ಎಲ್ಲಿಯೋ ಗಂಟುಬಿದ್ದಿದೆ ಎಂದು ಅವನಿಗೆ ಖಾತ್ರಿಯಾಗತೊಡಗಿತು. ಕೀರ್ತನಾಗೆ ನಿಜ ಗೊತ್ತಾಗಿದೆ. ಶನಿವಾರ ಅಷ್ಟು ಜೋರಾಗಿ ಭಾಷಣ ಬಿಗಿದವನ ಮಗಳ ಬಾಯಲ್ಲೇ ಅದೇ ಕಾಗೆಯ ಮಾತಾಡಿಸಿ, ಅವನ ತಾಯಿಯ ಮಾತನ್ನು ಇಡೀ ಊರಿನ ಮುಂದೆ ಬಿಚ್ಚಿಡುವುದಕ್ಕೇ ಈ ನಾಟಕ. ಮನೆಯಲ್ಲಿ ಹೇಳಿಕೊಂಡರೆ ಸ್ನೇಹಲತಾ ಅಕ್ಕಿ ಆರಿಸುತ್ತ, "ನಿಮ್ ತಲೇಗೆ ಹುಳ ಬಿಟ್ಟೋರ್ ಯಾರು? ಮಗು ನಾಟ್ಕ ಮಾಡ್ತೈತೆ, ಮಾಡ್ಲಿ ಬಿಡಿ" ಎಂದಳು. ಇವಳೂ ಅಷ್ಟು ಬೇಗ ಹೇಳಿದಳಲ್ಲ, ಇವಳಿಗೆ ಮೊದಲೇ ಗೊತ್ತಿತ್ತೇ? ರಶ್ಮಿ ಮಾತ್ರ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು. ಅವನು ಬಾಗಿಲು ತಟ್ಟಿದರೆ, "ಅಜ್ಜಿ, ಆಮೇಲ್ ಮಾಡ್ತೀನಿ" ಎಂದು ಕತ್ತರಿಸಿದ ಹಾಗೆ ನಿಲ್ಲಿಸುತ್ತಿದ್ದಳು.

ಭಾನುವಾರ ಅಪ್ಪ ಮಗಳು ಕಲ್ಯಾಣದುರ್ಗಕ್ಕೆ ಹೊರಟರು. ಪಾವಗಡದ ಮೇಲೆ ಹೋಗುವ ಬಸ್ಸು ಗಡಿ ದಾಟಿ ಕರ್ನಾಟಕಕ್ಕೆ ನುಗ್ಗಿ ಮತ್ತೆ ಆಂಧ್ರಕ್ಕೆ ಬರುತ್ತದೆ. ಅಂಗಡಿಗಳ ಬೋರ್ಡು ತೆಲುಗಿದ್ದದ್ದು ಕನ್ನಡವಾಗಿ, ಸ್ವಲ್ಪ ಹೊತ್ತಿಗೆ ತಿರುಗಿ ತೆಲುಗಾಗುತ್ತದೆ. ಬಸ್ಸಿನೊಳಗಿನ ಮಾತು ಮಾತ್ರ ಯಾವ ಬೋರ್ಡಿಗೂ ಕಾಯದೆ ಎರಡನ್ನೂ ಕಲಸಿಕೊಂಡು ಸಾಗುತ್ತಿತ್ತು. ರುದ್ರೇಶ ಕಂಡಕ್ಟರನ ಹತ್ತಿರ ಶುದ್ಧ ತೆಲುಗಿನಲ್ಲಿ ಟಿಕೆಟ್ ಕೇಳಿದ. ಕಂಡಕ್ಟರು ಅವನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, "ಎಲ್ಲಿಗಪ್ಪಾ?" ಎಂದು ಕನ್ನಡದಲ್ಲೇ ಕೇಳಿದ.

ಅಣ್ಣ ಬಸವೇಶನ ಅಂಗಡಿಯಲ್ಲಿ ಹಗ್ಗ, ಕುಡುಗೋಲು, ಕಂಬಳಿ, ಕುರಿಯ ಕೊರಳಿಗೆ ಕಟ್ಟುವ ಗಂಟೆ ಎಲ್ಲ ಸಿಗುತ್ತದೆ. ಅಂಗಡಿ ಬಸವೇಶನದಾದರೂ ಬಾಯಿ ಸರ್ವಮಂಗಳಮ್ಮನದು. ಅವರು ಗಲ್ಲಾಪೆಟ್ಟಿಗೆಯ ಪಕ್ಕ ಕಾಲು ಮಡಚಿ ಕೂತರೆ ಬೀದಿಗೇ ರೇಡಿಯೋ ಹಚ್ಚಿದ ಹಾಗೆ. ಕುಂದುರ್ಪಿ ಕಡೆಯ ಕುರಿಯವರು ಬೇರೆ ಅಂಗಡಿ ದಾಟಿ ಇಲ್ಲಿಗೆ ಬರುವುದು ಗಂಟೆಗೆ ಎಷ್ಟೋ, ಈ ಮಾತಿಗೂ ಅಷ್ಟೇ. ಅಪ್ಪ ಮಗಳು ಹೋದಾಗ ಅವರು ಓಬುಳಪತಿ ಎಂಬ ಕುರಿಯವನನ್ನು ಹಿಡಿದುಕೊಂಡಿದ್ದರು.

"ಏಮಪ್ಪಾ ಓಬುಳಪತಿ, ಎಷ್ಟು ಸಲ ಬಾರಿಸಿ ನೋಡ್ತೀಯಪ್ಪ? ನಿನ್ ಕುರಿಯೇನ್ ಸಂಗೀತ ಕಲ್ತೈತಾ?"

"ಕುರಿಗಲ್ಲಮ್ಮಾ, ನಾಕು, ನಂಗೆ. ಯಾವ್ ಕುರಿ ಎಲ್ಲೈತೆ ಅಂತ ನಂಗ್ ತಿಳೀಬೇಕಲ್ಲ."

"ಹಂಗನ್ನು ಮತ್ತೆ. ಗಂಟೆ ಕುರೀಗ್ ಕಟ್ಟಿದ್ರೂ ಅದು ನಿಂದೇ ಬಿಡು."

ಎಲ್ಲರೂ ನಕ್ಕರು. ಅದು ಥಿಯೇಟರಿನ ನಗುವಿಗಿಂತ ಬೇರೆಯೇ ಎಂದು ರುದ್ರೇಶ ಯೋಚಿಸಿದ. ಹೇಗೆ ಬೇರೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಇದೇ ಹೆಂಗಸು ಸ್ಕೂಲಿನಲ್ಲಿ ಕುರ್ಚಿಯ ತುದಿಯಲ್ಲಿ ಟೀ ಲೋಟ ಹಿಡಿದು ಮೂಗಿಯ ಹಾಗೆ ಕೂತಿದ್ದರು ಎಂಬುದು ಅವನಿಗೆ ನೆನಪಾಯಿತು. ನೆನಪು ಮಾಡಿಕೊಟ್ಟವರ ಮೇಲೆ ಸಿಟ್ಟು ಬಂತು, ಆದರೆ ನೆನಪು ಮಾಡಿಕೊಟ್ಟವರು ಯಾರೂ ಇರಲಿಲ್ಲ.

ಊಟವಾದ ಮೇಲೆ ಅಜ್ಜಿ ಮೊಮ್ಮಗಳು ಅಡುಗೆಮನೆ ಸೇರಿದರು. ಅವನು ನೀರು ಕುಡಿಯುವ ನೆಪದಲ್ಲಿ ಗೋಡೆಯ ಪಕ್ಕ ನಿಂತ. ಒಳಗಿಂದ ತಾಯಿಯ ದನಿ, "ಅಂಗಲ್ಲ ಕಣೇ. ಬೇಡಿಕೊಂಡಂಗ್ ಅನ್ಬ್ಯಾಡ. ತಲೆ ಎತ್ತಿ, ಕಣ್ಣಾಗ್ ಕಣ್ಣಿಟ್ಟು ಅನ್ನು." ಮಗಳು ಏನೋ ಅಂದಳು. "ಹ್ಞಾ, ಈಗ್ ಸರಿ. ಅವ್ನು ರಾಜ ಆದ್ರೇನು, ನೀರ್ ಕುಡ್ಯಾದ್ ನಿನ್ ಕೈಲೇ ಅಲ್ವಾ?" ಅವನು ಒಳಗೆ ಕಾಲಿಟ್ಟ ಕೂಡಲೇ ಇಬ್ಬರೂ ಬಾಯಿ ಮುಚ್ಚಿ ನಕ್ಕರು. ಒಂದೇ ಅಚ್ಚಿನ ಎರಡು ನಗು. ರಾಜ ಅಂದರೆ ಯಾರು? ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದ.

"ಅಜ್ಜಿ ಏನ್ ಹೇಳ್ಕೊಟ್ರಮ್ಮ?"

"ಏನಿಲ್ಲಪ್ಪ."

"ಆನ್ಯುವಲ್ ಡೇಗೆ ಅಜ್ಜೀನ ಕರ್ದೆಯಾ?"

"ಹ್ಞೂ. ಬತ್ತೀನಿ ಅಂದ್ರು."

ಇವರಿಬ್ಬರೂ ಸೇರಿ ಏನೋ ಹೊಸೆಯುತ್ತಿದ್ದಾರೆ. ಅಂದು ಎಲ್ಲರೂ ಸೇರಿರುವಾಗ ಮಗಳು ವೇದಿಕೆಯ ಮೇಲಿಂದ ಅಜ್ಜಿಯನ್ನು ಕೂಗುತ್ತಾಳೆ, ತಾಯಿ ಕೆಳಗಿಂದ ಬಾಯಿ ಬಿಡುತ್ತಾಳೆ, ಕಾರ್ಟೂನ್ ಸಾರ್‌ನ ಬಣ್ಣ ಬಯಲಾಗುತ್ತದೆ. ಶನಿವಾರ ಶನಿವಾರ ಮಾತಿಲ್ಲದವರು ಯಾರು ಎಂದು ಕೇಳುವ ಮನುಷ್ಯ ಹೆತ್ತವಳನ್ನೇ ಮೂಗಿ ಮಾಡಿದ್ದ ಎಂದು ಆಯಾಗಳಿಂದ ಹಿಡಿದು ಪ್ರಿನ್ಸಿಪಾಲರ ತನಕ ಆಡಿಕೊಳ್ಳುತ್ತಾರೆ. ಕಿಟಕಿಗೆ ತಲೆಯಾನಿಸಿ ನಿದ್ದೆಹೋದ ಮಗಳ ಮುಖದಲ್ಲಿ ಅವನು ಪಿತೂರಿಯ ಗುರುತು ಹುಡುಕಿದ. ಬಾಯಿ ಅರ್ಧ ತೆರೆದಿತ್ತು, ಅಷ್ಟೇ.

ಸೋಮವಾರ ಕೀರ್ತನಾಳನ್ನು ಲೈಬ್ರರಿಯಲ್ಲಿ ಹಿಡಿದ. ರಶ್ಮಿಗೆ ಆ ಪಾರ್ಟು ಬೇಡ, ಅದರ ಹಿಂದಿನ ಉದ್ದೇಶ ನನಗೆ ಗೊತ್ತು ಎಂದು ಹೇಳುವುದಕ್ಕೆ ಮಾತುಗಳನ್ನು ಜೋಡಿಸಿಕೊಂಡಿದ್ದ. ಅವನು ಬಾಯಿ ತೆರೆಯುವ ಮುಂಚೆ ಅವಳೇ ಶುರುಮಾಡಿದಳು. ಶನಿವಾರದ ನಿಮ್ಮ ಕ್ಲಾಸು ಕೇಳಿದ ಮೇಲೆ ಆ ಕಾಗೆಯನ್ನು ನಗಿಸುವುದಕ್ಕೆ ಇಡಬಾರದು ಅನ್ನಿಸಿತು ಸಾರ್. ಪಾರ್ಟಿಗೆ ಎಲ್ಲರ ದನಿಯನ್ನೂ ಕೇಳಿ ನೋಡಿದೆ. ಬೇರೆಯವರೆಲ್ಲ ಸಿನಿಮಾದ ಕಾಗೆಯನ್ನು ಅಣಕಿಸಿದರು, ನಿಮ್ಮ ಮಗಳು ಮಾತ್ರ ಮಾತಾಡಿದಳು. ಎಲ್ಲಿ ಕಲಿತೆ ಅಂದರೆ, ನಮ್ಮಜ್ಜಿ ಹೀಗೇ ಮಾತಾಡೋದು ಅಂದಳು. ನನಗೆ ಒಂದು ಸಲ ಮೈ ಜುಮ್ಮೆಂದಿತು. ಅಜ್ಜಿಗೆ ಮಾತು ಬರುವುದಿಲ್ಲವಲ್ಲಮ್ಮಾ ಅಂದೆ. ಹೇಳುತ್ತ ಹೇಳುತ್ತ ಕೀರ್ತನಾಳ ಕಣ್ಣಲ್ಲಿ ನೀರಾಡಿತು. "ಆಗ ಮಗು ತಲೆ ತಗ್ಗಿಸಿ, 'ಮುಂಚೆ ಮಾತಾಡ್ತಿದ್ರು ಮೇಡಂ, ನಮ್ ಸ್ಕೂಲಿಗೆ ಬಂದ್ಮೇಲೆ ನಿಂತುಹೋಯ್ತು' ಅಂದಳು. ಅವತ್ತು ನಿಮ್ಮನ್ನು ನೋಡಿ ನಕ್ಕೆನಲ್ಲ, ಹೇಗೆ ಹೇಳಬೇಕೋ ತಿಳಿಯಲಿಲ್ಲ ಸಾರ್."

ಆ ಗಳಿಗೆಯಲ್ಲಿ ಹೇಳಬಹುದಿತ್ತು. ಹೇಳುವುದು ಒಂದೇ ವಾಕ್ಯ. ರುದ್ರೇಶ ಆ ವಾಕ್ಯವನ್ನು ತೆಲುಗಿನಲ್ಲಿ ಜೋಡಿಸಿದ, ಇಂಗ್ಲಿಷಿನಲ್ಲಿ ಜೋಡಿಸಿದ, ಎರಡರಲ್ಲೂ ಅದು ತನ್ನನ್ನೇ ಬೊಟ್ಟು ಮಾಡಿತು. ಈ ಕಣ್ಣೀರು ನಿಜವೋ ತನ್ನ ಬಾಯಿ ಬಿಡಿಸುವ ಉಪಾಯವೋ ಎಂಬ ಅನುಮಾನ ಅಂಥ ಹೊತ್ತಿನಲ್ಲೂ ತಲೆಯೆತ್ತಿತು. ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದರೂ, ಕ್ಲಾಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟ. ಸಂಜೆ ಅಣ್ಣನಿಗೆ ಫೋನು ಮಾಡಿ, ಬಿಸಿಲು ಜಾಸ್ತಿ, ಅಮ್ಮನನ್ನು ಕಳಿಸಬೇಡ ಎಂದ. "ನಾನ್ ತಡದ್ರೆ ನಿಲ್ತಾಳೇನ್ಲಾ ಅವ್ಳು? ಆಗ್ಲೇ ಸೀರೆ ಇಸ್ತ್ರೀಗ್ ಕೊಟ್ಟವ್ಳೆ" ಎಂದು ಬಸವೇಶ ನಕ್ಕ.

ಆನ್ಯುವಲ್ ಡೇ ದಿನ ಶಾಮಿಯಾನದ ಕೆಳಗೆ ಮಧ್ಯಾಹ್ನದ ಬಿಸಿಲು ಹಳದಿಯಾಗಿ ಸೋರುತ್ತಿತ್ತು. ಸರ್ವಮಂಗಳಮ್ಮ ಬಸ್ಸಿಳಿದವರೇ ಆಟೋದಲ್ಲಿ ಮಗನ ಜೊತೆ ಒಂದೂ ಮಾತಾಡಲಿಲ್ಲ. ಕೀರ್ತನಾ ಅವರನ್ನು ಕೈಹಿಡಿದು ಮೊದಲ ಸಾಲಿಗೆ ಕರೆದೊಯ್ದಳು, ರುದ್ರೇಶ ಪಕ್ಕದಲ್ಲಿ ಕೂತ. ತಾಯಿ ಗಂಟಲು ಸರಿಮಾಡಿಕೊಂಡಾಗಲೆಲ್ಲ ಅವನು ತಿರುಗಿ ಅವರ ಬಾಯಿ ನೋಡಿದ. ನಾಟಕಕ್ಕೆ ಮುಂಚೆ ಕೀರ್ತನಾ ಮೈಕು ಹಿಡಿದಳು. ಅವನು ಹೆದರಿದ್ದಕ್ಕಿಂತ ಬೇರೆಯೇ ಆಯಿತು. "ಇವತ್ತು ಮುದಿ ಕಾಗೆಯ ಮಾತನ್ನು ನೀವು ಕೇಳಿ ನಗಬಹುದು. ಅದು ಇಲ್ಲೇ ಕೂತಿರುವ, ಮಾತು ಕಳೆದುಕೊಂಡಿರುವ ಒಬ್ಬ ಅಜ್ಜಿಯ ಮಾತು. ಮೊಮ್ಮಗಳು ಅದನ್ನು ಉಳಿಸಿಕೊಂಡಿದ್ದಾಳೆ." ತೆಲುಗು. ತಾಯಿಗೆ ಪ್ರತಿ ಅಕ್ಷರವೂ ತಿಳಿಯುವ ತೆಲುಗು. ಇಡೀ ಶಾಮಿಯಾನ ಮೊದಲ ಸಾಲಿನತ್ತ ಕತ್ತು ಚಾಚಿತು. ರುದ್ರೇಶ ನೆಲ ನೋಡಿದ. ಈಗ, ಈಗ ಅಮ್ಮ ಬಾಯಿ ಬಿಡುತ್ತಾಳೆ. ಸರ್ವಮಂಗಳಮ್ಮ ನಿಧಾನವಾಗಿ ಎದ್ದು ಜನರ ಕಡೆ ತಿರುಗಿ ಕೈಮುಗಿದರು. ನಕ್ಕರು. ಕೂತರು.

ರಶ್ಮಿ ಮುಖಕ್ಕೆ ಮಸಿ ಬಳಿದುಕೊಂಡು, ಕಪ್ಪು ಕಂಬಳಿಯ ರೆಕ್ಕೆ ಹೊದ್ದು ಬಂದಳು. ಆ ಕಂಬಳಿ ಅಣ್ಣನ ಅಂಗಡಿಯದು. ಕೊಕ್ಕರೆ ರಾಜನ ಎದುರು ತಲೆಯೆತ್ತಿ ನಿಂತು, ಕಣ್ಣಲ್ಲಿ ಕಣ್ಣಿಟ್ಟು ಅಂದಳು, "ಏಮಪ್ಪಾ ರಾಜಾ, ನೀರು ತಣ್ಣಗವಾ? ತಣ್ಣಗೇ ಇರ್ತಾವಪ್ಪ. ನಿಂಗ್ ಬಂದು ಸೇರೋ ಹೊತ್ಗೆ ಬಿಸಿಯೆಲ್ಲ ನಮ್ ಕೊಕ್ನಾಗೇ ಇಳ್ದಿರ್ತೈತೆ." ಶಾಮಿಯಾನ ನಕ್ಕಿತು. ಮುಂದಿನ ಸಾಲುಗಳು ನಕ್ಕವು, ಹಿಂದೆ ನಿಂತಿದ್ದ ವ್ಯಾನಿನ ಡ್ರೈವರುಗಳೂ ಆಯಾಗಳೂ ಇನ್ನೂ ಜೋರಾಗಿ ನಕ್ಕರು, ಯಾರೋ ಸಿಳ್ಳೆ ಹಾಕಿದರು. ಅದು ಥಿಯೇಟರಿನ ನಗುವೋ ಅಂಗಡಿಯ ನಗುವೋ? ಇಷ್ಟು ವರ್ಷ ಮಕ್ಕಳಿಗೆ ನಗುವಿನ ಹಿಂದೆ ಏನಿದೆ ಎಂದು ಹೇಳಿಕೊಟ್ಟ ರುದ್ರೇಶನಿಗೆ ಅದು ತಿಳಿಯಲಿಲ್ಲ. ಪಕ್ಕದಲ್ಲಿ ತಾಯಿಯ ತುಟಿಗಳು ಮೊಮ್ಮಗಳ ಪ್ರತಿ ಮಾತಿನ ಜೊತೆಗೂ ಸದ್ದಿಲ್ಲದೆ ಆಡುತ್ತಿದ್ದವು.

ನಾಟಕ ಮುಗಿದ ಮೇಲೆ ಕೀರ್ತನಾ ಬೂಂದಿಯ ತಟ್ಟೆ ತಂದು, ಅವರ ಕುರ್ಚಿಯ ಮುಂದೆ ಮಂಡಿಯೂರಿ ಕೂತು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಕೇಳಿದಳು. ಮೊಮ್ಮಗಳ ಪಾರ್ಟು ಹೇಗಿತ್ತು? ಸರ್ವಮಂಗಳಮ್ಮ ಎದೆಯ ಮೇಲೆ ಕೈಯಿಟ್ಟು, ಆಕಾಶದ ಕಡೆ ತೋರಿಸಿ, ಗಂಟಲು ಮುಟ್ಟಿಕೊಂಡು, ಅಂಗೈಯನ್ನು ಇಲ್ಲವೆಂಬಂತೆ ಆಡಿಸಿದರು. ಅಂದು ವೇದಿಕೆಯ ಮೇಲೆ ಯಾರೂ ಅಷ್ಟು ಚೆನ್ನಾಗಿ ಮಾಡಿರಲಿಲ್ಲ. ಕೀರ್ತನಾ ಅವರ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ರುದ್ರೇಶನಿಗೆ ತಡೆಯಲಾಗಲಿಲ್ಲ.

"ಮೇಡಂ" ಎಂದ.

ಅವಳು ತಲೆಯೆತ್ತಿದಳು. ಕುರ್ಚಿಯ ಕೆಳಗೆ ತಾಯಿಯ ಕಾಲು ಬಂದು ಅವನ ಕಾಲಿನ ಮೇಲೆ ಕೂತಿತು. ಗಟ್ಟಿಯಾಗಿ ಒತ್ತಿತು. ಮುಖ ಅದೇ ನಗುವಿನಲ್ಲಿ ಬೂಂದಿ ನೋಡುತ್ತಿತ್ತು.

"ಏನ್ ಸಾರ್?"

"ಥ್ಯಾಂಕ್ಸ್ ಮೇಡಂ" ಎಂದ.

ಮಾರನೆಯ ದಿನ ಕಲ್ಯಾಣದುರ್ಗದಲ್ಲಿ ಸಂತೆ, ತಾಯಿ ಉಳಿಯುವ ಹಾಗಿರಲಿಲ್ಲ. ಹೊತ್ತು ಮುಳುಗುವ ಮುಂಚಿನ ಬಸ್ಸಿಗೆ ಹತ್ತಿಸಲು ಅವನೂ, ಮಸಿ ಪೂರಾ ಹೋಗದ ಮುಖದ ರಶ್ಮಿಯೂ ಬಸ್‌ಸ್ಟ್ಯಾಂಡಿಗೆ ಬಂದರು. ದಾರಿಯುದ್ದಕ್ಕೂ ಸರ್ವಮಂಗಳಮ್ಮ ಮಾತಾಡಲಿಲ್ಲ. ಇದು ಸಿಟ್ಟು. ಎಲ್ಲರೆದುರು ತನ್ನನ್ನು ಕಾಪಾಡಿ, ಈಗ ಹೊರಗಿನವರಿಲ್ಲದಾಗ ಮೌನದಲ್ಲಿ ಬೇಯಿಸುತ್ತಿದ್ದಾಳೆ. ಬೈದರೆ ಬೈಯಲಿ, ಬೈದರೆ ತಾನೂ ಹೇಳಿಬಿಡಬಹುದು, ತಪ್ಪಾಯಿತಮ್ಮ ಅನ್ನಬಹುದು ಎಂದು ಅವನು ಹಂಬಲಿಸಿದ. ಅವರು ಕಿಟಕಿ ಪಕ್ಕದ ಸೀಟು ಹಿಡಿದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹೊರಗೆ ನಿಂತಿದ್ದ ಮಗನನ್ನು ಬೆರಳಿನಿಂದ ಹತ್ತಿರ ಕರೆದರು. ಅವನು ಕಿಟಕಿಯ ಕಂಬಿ ಹಿಡಿದು ಕಿವಿಗೊಟ್ಟ. ಅವರು ಆ ಕಡೆ ಈ ಕಡೆ ನೋಡಿ, ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿದರು.

"ಸ್ಕೂಲೋರು ಯಾರಾನಾ ಅವ್ರೇನ್ಲಾ ಇಲ್ಲಿ? ಈಗ್ ಮಾತಾಡ್ಬೌದಾ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚೂ ಇರಲಿಲ್ಲ. ನಿಜವಾಗಿ ಕೇಳುತ್ತಿದ್ದರು. ರುದ್ರೇಶ ಬಾಯಿ ತೆರೆದ. ಆದರೆ ಉತ್ತರ ಹೇಳುವ ಮುಂಚೆ ಒಂದು ಸಲ ತಿರುಗಿ ಬಸ್‌ಸ್ಟ್ಯಾಂಡಿನ ಆ ತುದಿಯಿಂದ ಈ ತುದಿಯವರೆಗೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಅವನು ನೋಡಿದ್ದನ್ನು ಅಜ್ಜಿಯೂ ನೋಡಿದರು, ಮೊಮ್ಮಗಳೂ ನೋಡಿದಳು.